ಮೈಸೂರು ಅರಮನೆ ದೀಪಾಲಂಕಾರ: ನೀಲಿ ಆಕಾಶ, ಬಲ್ಬಿನ ಬೆಳಕು ಎರಡೂ ಒಂದೇ ಚಿತ್ರದಲ್ಲಿ ಬರೋದು ಹೇಗೆ?

ಹೊಸ_ಕ್ಲಿಕ್ಕು

ಎಲ್ಲರಿಗೂ ನಮಸ್ಕಾರ. ಕ್ಯಾನನ್ 1500ಡಿ, ಅದರ ಜೊತೆ ಬಂದ 18-55 ಲೆನ್ಸ್, ಒಂದು ಸಾಧಾರಣ ಟ್ರೈಪಾಡ್ ಇದೆ. ಆಟೋ ಮೋಡ್ ಬಿಟ್ಟು ಬೇರೆ ಮುಟ್ಟಿಲ್ಲ. ದಸರಾಕ್ಕೆ ಅರಮನೆ ದೀಪ ತೆಗೀಬೇಕು. ಆಟೋದಲ್ಲಿ ಬಲ್ಬುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಳದಿ ಮುದ್ದೆ ಆಗುತ್ತೆ, ಆಕಾಶ ಪೂರ್ತಿ ಕಪ್ಪು. ಕ್ಯಾಲೆಂಡರ್‌ಗಳಲ್ಲಿ ನೋಡಿದರೆ ಆಕಾಶ ಗಾಢ ನೀಲಿ, ಬಲ್ಬು ಒಂದೊಂದೂ ಬಿಡಿಬಿಡಿ. ಎರಡು ಮೂರು ಫೋಟೋ ಸೇರಿಸಿರ್ತಾರೆ ಅಂತಾರೆ. ಯಾವ ಎರಡು? ಹೇಗೆ ತೆಗೆಯೋದು, ಹೇಗೆ ಸೇರಿಸೋದು? ಗಿಂಪ್ ಹಾಕಿಕೊಂಡಿದ್ದೀನಿ, ಫೋಟೋಶಾಪ್ ಇಲ್ಲ.

ಮೂರ್ಕಾಲು

ಕ್ಯಾಮೆರಾ ಆಮೇಲೆ, ಮೊದಲು ಗಡಿಯಾರ ನೋಡಿ. ಮಾಮೂಲಿ ದಿನಗಳಲ್ಲಿ ಭಾನುವಾರ ಮತ್ತು ಸರ್ಕಾರಿ ರಜಾ ದಿನ ಸಂಜೆ 7ಕ್ಕೆ ದೀಪ ಹಾಕ್ತಾರೆ. ದಸರಾದಲ್ಲಿ ದಿನಾ ಇರುತ್ತೆ, ಸಮಯ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ಅಕ್ಟೋಬರ್ ಮೊದಲ ವಾರ ಮೈಸೂರಲ್ಲಿ ಸೂರ್ಯ ಮುಳುಗೋದು ಸುಮಾರು 6:10ಕ್ಕೆ. ಆಕಾಶದ ನೀಲಿ ಚೆನ್ನಾಗಿರೋದು 6:25ರಿಂದ 6:40ರವರೆಗೆ. ದಸರಾದಲ್ಲೂ 7 ಗಂಟೆಗೇ ದೀಪ ಹತ್ತೋದಾದರೆ ಆ ಹೊತ್ತಿಗೆ ಸೂರ್ಯ ಮುಳುಗಿ 50 ನಿಮಿಷ ಆಗಿರುತ್ತೆ, ನೀಲಿ ಅನ್ನೋದೇ ಇರಲ್ಲ. ಅಂದರೆ ಆಗ ಆ ಎರಡು ಬೆಳಕು ಒಟ್ಟಿಗೆ ಇರೋದೇ ಇಲ್ಲ. ಅದಕ್ಕೇ ಎರಡು ಫ್ರೇಮ್ ಬೇಕು: ದೀಪವಿಲ್ಲದ 6:30ರ ಆಕಾಶ ಒಂದು, ದೀಪ ಹತ್ತಿದ ಮೇಲಿನ ಅರಮನೆ ಒಂದು.

ಏಪ್ರಿಲ್, ಮೇ ಲೆಕ್ಕವೇ ಬೇರೆ. ಆಗ ಸೂರ್ಯಾಸ್ತ 6:35ರ ಆಸುಪಾಸು. 7ಕ್ಕೆ ದೀಪ ಹತ್ತಿದ ಕ್ಷಣದಿಂದ ಹತ್ತು ನಿಮಿಷ ನೀಲಿ, ಹಳದಿ ಎರಡೂ ಸರಿಸಮ ಇರುತ್ತೆ. ಒಂದೇ ಫ್ರೇಮ್ ಸಾಕು, ಬ್ಲೆಂಡಿಂಗ್ ಗೋಜೇ ಬೇಡ. ಜೂನ್-ಜುಲೈನಲ್ಲಿ ಸೂರ್ಯಾಸ್ತ 6:50 ದಾಟುತ್ತೆ, 7:12ರವರೆಗೆ ಕಾಯಬೇಕು, ಮೋಡ ಕವಿಯದಿದ್ದರೆ. ಕಲಿಯೋದಕ್ಕೆ ನಾನು ಹೇಳೋದು ಮೇ ತಿಂಗಳ ಭಾನುವಾರ. ದಸರಾ ಜನಜಂಗುಳಿಯಲ್ಲಿ ಅರ್ಧ ಗಂಟೆ ಟ್ರೈಪಾಡ್ ಅಲುಗದ ಹಾಗೆ ಕಾಯೋದು ಕಷ್ಟದ ಕೆಲಸ. ಒಳಗೆ ಟ್ರೈಪಾಡ್ ಬಿಡ್ತಾರಾ ಅಂತ ಗೇಟಲ್ಲಿ ಮೊದಲೇ ಕೇಳಿ ಹೋಗಿ.

ಇನ್ನೊಂದು ಅನುಕೂಲ ಇದೆ. ಅರಮನೆ ಮುಖ ಪೂರ್ವಕ್ಕೆ. ಎದುರು ನಿಂತರೆ ನೀವು ನೋಡೋದು ಪಶ್ಚಿಮ, ಸೂರ್ಯ ಮುಳುಗಿದ ಕಡೆಯ ಆಕಾಶ. ಬೆಳಕು ಅಲ್ಲಿ ಕೊನೆಯವರೆಗೆ ಉಳಿಯುತ್ತೆ.

ನೆರಳು_ಬೆಳಕು

ಸೆಟ್ಟಿಂಗ್ ನಾನು ಹೇಳ್ತೀನಿ. ಡಯಲ್ ಎಂ (ಎಲ್ಲ ಕೈಯಲ್ಲೇ ಹೊಂದಿಸೋ ಮ್ಯಾನ್ಯುಯಲ್ ಮೋಡ್) ಮೇಲೆ ಇಡಿ. ಮೂರೇ ವಿಷಯ: ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತೆ), ಅಪರ್ಚರ್ (ಲೆನ್ಸಿನ ಕಿಂಡಿ), ಶಟರ್ (ಎಷ್ಟು ಹೊತ್ತು ಬೆಳಕು ಬಿಡುತ್ತೆ). ಯಾವುದೇ ಒಂದರಲ್ಲಿ ಒಂದು ಸ್ಟಾಪ್ ಹೆಚ್ಚಿಸಿದರೆ ಬೆಳಕು ಎರಡರಷ್ಟು, ಇಳಿಸಿದರೆ ಅರ್ಧ. ಅಪರ್ಚರ್ ಸಾಲು 2.8, 4, 5.6, 8, 11, 16. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಟ್ರೈಪಾಡ್ ಮೇಲೆ ಇರೋದರಿಂದ ಐಎಸ್ಒ 100 ಇಟ್ಟು ಮರೆತುಬಿಡಿ. ಆಟೋ ಐಎಸ್ಒ ಮಾತ್ರ ಬೇಡವೇ ಬೇಡ, ಫ್ರೇಮಿನಿಂದ ಫ್ರೇಮಿಗೆ ಅದು ಬದಲಾದರೆ ಮುಂದೆ ಏನೂ ಹೊಂದಲ್ಲ. ಅಪರ್ಚರ್ ಎಫ್/8. 18 ಎಂಎಂನಲ್ಲಿ ಎಫ್/8 ಇಟ್ಟು ಅರಮನೆಗೆ ಫೋಕಸ್ ಮಾಡಿದರೆ ನಿಮ್ಮಿಂದ ಎರಡು ಮೀಟರ್ ಆಚೆಗಿರೋದೆಲ್ಲ ಸ್ಪಷ್ಟ.

ಬಲ್ಬಿಗೆ ನಕ್ಷತ್ರದ ಕಿರಣ ಬರಲಿ ಅಂತ ಎಫ್/16 ಇಡೋರಿದ್ದಾರೆ. ಕಿರಣ ಬರುತ್ತೆ, ಆದರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರ್ಯಾಕ್ಷನ್‌ನಿಂದ ಒಂದು ಬೆಳಕಿನ ಚುಕ್ಕೆ ಸೆನ್ಸರ್ ಮೇಲೆ ಸುಮಾರು 21 ಮೈಕ್ರಾನ್ ಅಗಲಕ್ಕೆ ಹರಡುತ್ತೆ. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ 3.7 ಮೈಕ್ರಾನ್ ಅಷ್ಟೇ. ಸಾಲು ಬಲ್ಬುಗಳು ಮತ್ತೆ ಮುದ್ದೆ ಆಗೋದು ಹೀಗೇ.

ಶಟರ್: ಆಕಾಶದ ಫ್ರೇಮಿಗೆ 1ರಿಂದ 4 ಸೆಕೆಂಡ್, ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ತೋರಿಸೋ ಗ್ರಾಫ್) ನೋಡಿ ತೀರ್ಮಾನ ಮಾಡಿ. ಆಕಾಶದ ಗುಡ್ಡೆ ನಡುವಿಗಿಂತ ಸ್ವಲ್ಪ ಎಡಕ್ಕೆ ಇರಲಿ. ಬಲಕ್ಕೆ ಹೋದರೆ ಅದು ಸಂಜೆ ಥರ ಕಾಣಲ್ಲ, ಹಗಲಾಗುತ್ತೆ. ದೀಪ ಹತ್ತಿದ ಮೇಲೆ ಮೂರು ಫ್ರೇಮ್: 4 ಸೆಕೆಂಡ್, 1 ಸೆಕೆಂಡ್, 1/4 ಸೆಕೆಂಡ್. ಒಂದೊಂದರ ನಡುವೆ ಎರಡು ಸ್ಟಾಪ್ ವ್ಯತ್ಯಾಸ. 1500ಡಿಯ ಬ್ರ್ಯಾಕೆಟಿಂಗ್ (ಬೆಳಕು ಹೆಚ್ಚು ಕಡಿಮೆ ಮಾಡಿ ಸಾಲಾಗಿ ತೆಗೆಯೋದು) ಮೂರು ಫ್ರೇಮ್, ಎರಡು ಸ್ಟಾಪ್‌ವರೆಗೆ ಹೋಗುತ್ತೆ. 1 ಸೆಕೆಂಡಿಗೆ ಇಟ್ಟು, ಬ್ರ್ಯಾಕೆಟಿಂಗ್ ಹಾಕಿ, 2 ಸೆಕೆಂಡ್ ಸೆಲ್ಫ್ ಟೈಮರ್ ಕೊಟ್ಟರೆ ಮೂರನ್ನೂ ತಾನೇ ಸಾಲಾಗಿ ತೆಗೆಯುತ್ತೆ, ನೀವು ಮಧ್ಯೆ ಮುಟ್ಟೋ ಹಾಗಿಲ್ಲ.

ಮೆನುವಿನಲ್ಲಿ ಮೂರು ಆಫ್ ಮಾಡಿ. ಆಟೋ ಲೈಟಿಂಗ್ ಆಪ್ಟಿಮೈಜರ್, ಯಾಕಂದರೆ ಹಿಂದಿನ ಪರದೆಯ ಹಿಸ್ಟೋಗ್ರಾಮ್ ಜೆಪೆಗ್‌ನದು, ರಾ ಫೈಲಿನದಲ್ಲ (ರಾ ಅಂದರೆ ಸೆನ್ಸರಿನ ಕಚ್ಚಾ ಮಾಹಿತಿ), ಇದು ಆನ್ ಇದ್ದರೆ ಇನ್ನಷ್ಟು ಸುಳ್ಳು ಹೇಳುತ್ತೆ. ಹೈಲೈಟ್ ಟೋನ್ ಪ್ರಯಾರಿಟಿ, ಇದು ಐಎಸ್ಒವನ್ನು 200ಕ್ಕಿಂತ ಕೆಳಗೆ ಬಿಡಲ್ಲ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್, ಇದು ನಾಯ್ಸ್ (ಚಿತ್ರದಲ್ಲಿ ಕಾಳುಕಾಳಾಗಿ ಕಾಣೋದು) ಅಳಿಸೋಕೆ ಪ್ರತಿ ಚಿತ್ರದ ಹಿಂದೆ ಅಷ್ಟೇ ಹೊತ್ತಿನ ಕಪ್ಪು ಫ್ರೇಮ್ ತೆಗೆದು ನಿಮ್ಮ ಸಮಯ ತಿನ್ನುತ್ತೆ. ಫೈಲ್ ರಾ ಇರಲಿ. ಜೆಪೆಗ್ 8 ಬಿಟ್, ರಾ 14 ಬಿಟ್. ಆಕಾಶದ ನೀಲಿಯನ್ನು ಆಮೇಲೆ ಎಳೆದಾಡುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಮೂರ್ಕಾಲು

ಸೇರಿಸ್ತೀನಿ. ಫೋಕಸ್ 6:20ಕ್ಕೇ ಮುಗಿಸಿ, ಬೆಳಕಿರುವಾಗ. ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡೋದು) ಹಾಕಿ, 10 ಪಟ್ಟು ದೊಡ್ಡದು ಮಾಡಿ, ಗೋಪುರದ ಅಂಚಿಗೆ ಫೋಕಸ್ ಕೂರಿಸಿ, ಲೆನ್ಸ್ ಪಕ್ಕದ ಸ್ವಿಚ್ ಮ್ಯಾನ್ಯುಯಲ್ ಫೋಕಸ್, ಅಂದರೆ ಎಂಎಫ್‌ಗೆ ತಳ್ಳಿ. ಸ್ಟೆಬಿಲೈಜರ್ ಸ್ವಿಚ್ಚೂ ಆಫ್. ಆಮೇಲೆ ಜೂಮ್ ರಿಂಗಿಗೆ, ಫೋಕಸ್ ರಿಂಗಿಗೆ ಎರಡಕ್ಕೂ ಪೇಪರ್ ಟೇಪ್ ಸುತ್ತಿ. ಫೋಕಸ್ ಕೂದಲೆಳೆಯಷ್ಟು ಸರಿದರೂ ಚಿತ್ರದ ಅಳತೆಯೇ ಬದಲಾಗುತ್ತೆ, ನಡು ಹೊಂದಿದರೂ ಮೂಲೆಗಳು ಹೊಂದಲ್ಲ.

ಟ್ರೈಪಾಡಿನ ನಡುಗಂಬ ಎತ್ತಬೇಡಿ. ಕಾಲುಗಳಲ್ಲಿ ದಪ್ಪನೆಯ ಭಾಗ ಮೊದಲು ಬಿಚ್ಚಿ, ಸಣ್ಣದು ಕೊನೆಗೆ. ಬ್ಯಾಗನ್ನು ಕೊಕ್ಕೆಗೆ ನೇತುಹಾಕಿದರೆ ಅದು ನೆಲಕ್ಕೆ ತಾಗುತ್ತಿರಲಿ, ಗಾಳಿಗೆ ತೂಗಾಡಿದರೆ ಇದ್ದದ್ದೂ ಕೆಡುತ್ತೆ. ಸಾಧಾರಣ ಟ್ರೈಪಾಡಿನಲ್ಲಿ ಹೆಡ್ ತಿರುಪು ಬಿಗಿ ಮಾಡಿದ ಮೇಲೂ ಒಂದೆರಡು ನಿಮಿಷ ಕ್ಯಾಮೆರಾ ಮೆಲ್ಲಗೆ ಮುಂದಕ್ಕೆ ಬಾಗುತ್ತಿರುತ್ತೆ. ಬಿಗಿ ಮಾಡಿ, ಸ್ವಲ್ಪ ಬಿಟ್ಟು, ಫ್ರೇಮಿನ ಅಂಚು ಮತ್ತೊಮ್ಮೆ ನೋಡಿ.

ಗಿಂಪ್_ಗೆಳತಿ

ಸೇರಿಸುವ ಕೆಲಸಕ್ಕೆ ಬರೋಣ. ಗಿಂಪ್ ರಾ ಫೈಲನ್ನು ತಾನಾಗಿ ಬಿಚ್ಚುವುದಿಲ್ಲ, ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಬೇಕು. ಎರಡೂ ಉಚಿತ. ಅಲ್ಲಿ ಎಲ್ಲಾ ಫ್ರೇಮುಗಳಿಗೂ ಒಂದೇ ಲೆನ್ಸ್ ಕರೆಕ್ಷನ್ ಕೊಡಿ. ಕ್ರಾಪ್, ಓರೆ ನೇರ ಮಾಡುವುದು, ಆಟೋ ಎಕ್ಸ್‌ಪೋಶರ್ ಯಾವುದನ್ನೂ ಈಗ ಮುಟ್ಟಬೇಡಿ, ಅವೆಲ್ಲ ಸೇರಿಸಿದ ಮೇಲೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿದೂಗಿಸುವುದು, ಅಳತೆ ಕೆಲ್ವಿನ್) ಮಾತ್ರ ಬೇರೆ ಬೇರೆ: ದೀಪದ ಫ್ರೇಮಿಗೆ 3200-3400 ಕೆಲ್ವಿನ್, ಆಕಾಶಕ್ಕೆ 4000-4500. ದೀಪದ ಫ್ರೇಮನ್ನು 2700ಕ್ಕೆ ಇಳಿಸಿದರೆ ಬಲ್ಬು ಬಿಳಿಯಾಗಿ ಆಸ್ಪತ್ರೆ ಟ್ಯೂಬ್‌ಲೈಟ್ ಥರ ಕಾಣುತ್ತದೆ. ಅರಮನೆ ದೀಪದ ಸೊಗಸು ಆ ಹೊನ್ನಿನ ಬಣ್ಣದಲ್ಲೇ ಇರುವುದು, ಅದನ್ನು ತೊಳೆದು ಹಾಕಬೇಡಿ. ನಂತರ 16 ಬಿಟ್ ಟಿಫ್ ಆಗಿ ಉಳಿಸಿ.

ಗಿಂಪ್‌ನಲ್ಲಿ ಫೈಲ್ ಮೆನುವಿನ ಓಪನ್ ಆ್ಯಸ್ ಲೇಯರ್ಸ್. ಇಮೇಜ್ ಮೆನುವಿನ ಪ್ರಿಸಿಶನ್ 16 ಬಿಟ್ ಅಥವಾ 32 ಬಿಟ್ ಇದೆಯಾ ನೋಡಿ. 8 ಬಿಟ್ಟಿನಲ್ಲಿ ಮಾಡಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುತ್ತದೆ.

ಮೊದಲು ದೀಪದ ಮೂರು ಫ್ರೇಮ್ ಒಂದು ಮಾಡಿ. ಸುಲಭದ ದಾರಿ ಚಿತ್ರ ಜೋಡಿಸುವ ತಂತ್ರಾಂಶ ಹ್ಯೂಗಿನ್ ಜೊತೆ ಬರುವ ಎನ್‌ಫ್ಯೂಸ್. ಪ್ರತಿ ಜಾಗದಲ್ಲಿ ಯಾವ ಫ್ರೇಮಿನ ಎಕ್ಸ್‌ಪೋಶರ್ ಚೆನ್ನಾಗಿದೆಯೋ ಅದಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಕೈಯಲ್ಲೇ ಮಾಡುವುದಾದರೆ ಹೀಗೆ: ಕೆಳಗೆ 4 ಸೆಕೆಂಡಿನದು, ಮೇಲೆ 1 ಸೆಕೆಂಡಿನದು. ಮೇಲಿನದಕ್ಕೆ ಲೇಯರ್ ಮಾಸ್ಕ್ ಹಾಕಿ, ಕೆಳಗಿನ ಚಿತ್ರದ ಕಪ್ಪುಬಿಳುಪು ನಕಲನ್ನು ಆ ಮಾಸ್ಕಿನೊಳಗೆ ಪೇಸ್ಟ್ ಮಾಡಿ. ಮಾಸ್ಕಿನಲ್ಲಿ ಬಿಳಿ ಇದ್ದಲ್ಲಿ ಆ ಲೇಯರ್ ಕಾಣುತ್ತದೆ, ಕಪ್ಪಿದ್ದಲ್ಲಿ ಮರೆಯಾಗುತ್ತದೆ. ಹೀಗಾಗಿ ಎಲ್ಲಿ ಬೆಳಕು ಉಕ್ಕಿದೆಯೋ ಅಲ್ಲಷ್ಟೇ ಕತ್ತಲೆ ಫ್ರೇಮ್ ಬಂದು ಕೂರುತ್ತದೆ. ಮಾಸ್ಕಿಗೆ 20ರಿಂದ 40 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಡಿ. ಕೊಡದಿದ್ದರೆ ಬಲ್ಬು ಸಪ್ಪೆ ಬೂದಿ ಬಣ್ಣಕ್ಕೆ ತಿರುಗುತ್ತದೆ. 100 ದಾಟಿದರೆ ಗೋಪುರದ ಸುತ್ತ ಪ್ರಭಾವಳಿ ಏಳುತ್ತದೆ. 1/4 ಸೆಕೆಂಡಿನ ಫ್ರೇಮ್ ಹೆಚ್ಚಿನಂಶ ಬೇಕಾಗುವುದಿಲ್ಲ. ಬಲ್ಬಿನ ನಡು ಬಿಳಿಯಾಗಿಯೇ ಇರಬೇಕು, ಅದರೊಳಗೂ ವಿವರ ಹುಡುಕುವವರಿಂದಲೇ ಈ ಚಿತ್ರಗಳು ಹಾಳಾಗುವುದು.

ಇನ್ನು ಆಕಾಶ. 6:30ರ ಫ್ರೇಮನ್ನು ಮೇಲಿಟ್ಟು ಲೇಯರ್ ಮೋಡ್ ಅನ್ನು ಲೈಟನ್ ಓನ್ಲಿ ಮಾಡಿ. ಎರಡರಲ್ಲಿ ಯಾವುದು ಹೆಚ್ಚು ಬೆಳಗಿದೆಯೋ ಅದು ಉಳಿಯುತ್ತದೆ. ಆಕಾಶ ಮೊದಲ ಫ್ರೇಮಿನಿಂದ, ದೀಪ ಎರಡನೆಯದರಿಂದ. ಮಾಸ್ಕ್ ಕತ್ತರಿಸುವ ಕಷ್ಟವೇ ಇಲ್ಲ.

ಕತ್ತಲೆಕೋಣೆ

ಗೆಳತಿಯವರೇ, ಲೈಟನ್ ಬಗ್ಗೆ ಒಂದು ತಕರಾರು. ಅದು ಪಿಕ್ಸೆಲ್ ಆರಿಸಲ್ಲ, ಕೆಂಪು, ಹಸಿರು, ನೀಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಆರಿಸುತ್ತೆ. ಗೋಪುರದ ಪಕ್ಕದ ಆಕಾಶದಲ್ಲಿ ಒಂದು ಪಿಕ್ಸೆಲ್ ತಗೊಳ್ಳಿ. ಸಂಜೆ ಫ್ರೇಮಿನಲ್ಲಿ 20, 35, 80. ದೀಪದ ಫ್ರೇಮಿನಲ್ಲಿ ಅದೇ ಜಾಗಕ್ಕೆ ಬಲ್ಬಿನ ಮಂಜುಬೆಳಕು ಬಿದ್ದು 60, 40, 15. ಲೈಟನ್ ಕೊಡೋದು 60, 40, 80. ಅದು ನೇರಳೆ! ಎರಡೂ ಫ್ರೇಮಿನಲ್ಲಿ ಇಲ್ಲದ ಬಣ್ಣ. ಅಂಚಿನುದ್ದಕ್ಕೂ ನೇರಳೆ ಗೀಟು ಕಾಣೋದು ಇದರಿಂದ.

ಸ್ಕ್ರೀನ್ ಮೋಡ್ ಹಾಕಿದರೆ 75, 69, 90. ಸೌಮ್ಯವಾದ ಬೂದು ನೀಲಿ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿಟ್ಟರೆ ಬೆಳಕಿಗೆ ಬೆಳಕು ಕೂಡುತ್ತೆ, ಸ್ಕ್ರೀನ್ ಅದಕ್ಕೆ ಹತ್ತಿರ. ಆದರೆ ಅದರದ್ದೂ ಒಂದು ಕಾಟ ಇದೆ: ದೀಪದ ಫ್ರೇಮಿನ ಕಪ್ಪು ಆಕಾಶ ನಿಜವಾಗಿ ಸೊನ್ನೆ ಇರಲ್ಲ, ಊರಿನ ಕಿತ್ತಳೆ ಬೆಳಕು ಮತ್ತು ನಾಯ್ಸ್ ಎರಡೂ ಮೇಲೆ ಬಂದು ಕೂರುತ್ತೆ. ಅದಕ್ಕೆ ಮೊದಲು ದೀಪದ ಲೇಯರಿಗೆ ಲೆವೆಲ್ಸ್ ತೆಗೆದು ಕಪ್ಪು ಬಿಂದುವನ್ನು 8-12ಕ್ಕೆ ಎಳೆಯಿರಿ, ಆಮೇಲೆ ಸ್ಕ್ರೀನ್.

ಗಿಂಪ್‌ನಲ್ಲಿ ಲೂಮಾ ಲೈಟನ್ ಓನ್ಲಿ ಅಂತ ಇನ್ನೊಂದಿದೆ, ಫೋಟೋಶಾಪಿನ ಲೈಟರ್ ಕಲರ್ ಥರದ್ದು. ಅದು ಇಡೀ ಪಿಕ್ಸೆಲ್ ಆರಿಸುತ್ತೆ, ಬಣ್ಣ ಕಲಸಲ್ಲ, ಆದರೆ ಗಡಿ ಕತ್ತರಿಸಿದ ಹಾಗೆ ಕಾಣುತ್ತೆ. ನನ್ನ ಮತ ಸ್ಕ್ರೀನ್‌ಗೆ.

ಗಿಂಪ್_ಗೆಳತಿ

ನೇರಳೆ ಮಾತು ಒಪ್ಪಿದೆ. ಹಾಗಾದರೆ ಸ್ಕ್ರೀನ್ ಹಾಕಿ, ಮರಗಳಿರುವಲ್ಲಿ ಮಾತ್ರ ಮಾಸ್ಕಿನಿಂದ ಆಕಾಶದ ಫ್ರೇಮನ್ನು ಅಳಿಸಿಕೊಳ್ಳಲಿ. ಅರ್ಧ ಗಂಟೆಯಲ್ಲಿ ಎಲೆ ನಿಂತ ಜಾಗದಲ್ಲಿ ನಿಂತಿರುವುದಿಲ್ಲ, ಜೋಡಿ ಎಲೆ ಕಾಣುತ್ತದೆ. ಮೆತ್ತನೆ ಬ್ರಶ್, ಒಪಾಸಿಟಿ 15-20, ಕಪ್ಪು ಬಣ್ಣ, ನಾಲ್ಕೈದು ಸಲ ತೀಡಿ. ಒಂದೇ ಏಟಿಗೆ 100ರಲ್ಲಿ ಎಳೆದರೆ ಅಂಚು ಗೊತ್ತಾಗಿಬಿಡುತ್ತದೆ. ಬಾವುಟವೂ ಅಷ್ಟೇ, ಒಂದು ಫ್ರೇಮಿನದು ಮಾತ್ರ ಇರಲಿ.

ಹೊಸ_ಕ್ಲಿಕ್ಕು

ಆಕಾಶದ ಫ್ರೇಮಿನಲ್ಲಿ ಪಾರಿವಾಳ ಹಾರಿದರೆ? ಸ್ಕ್ರೀನ್ ಹಾಕಿದರೆ ಹೋಗುತ್ತಾ?

ಕತ್ತಲೆಕೋಣೆ

ಹೋಗಲ್ಲ. ಎರಡನೇ ಫ್ರೇಮಿನ ಆಕಾಶ ಕಪ್ಪು, ಅದು ಹಕ್ಕಿಯ ಕಪ್ಪನ್ನು ಮುಚ್ಚಲಾರದು. ಆಕಾಶದ್ದು ಐದು ಫ್ರೇಮ್ ತೆಗೆದು ಮೀಡಿಯನ್ ಮಾಡಿ. ಪ್ರತಿ ಪಿಕ್ಸೆಲಿನ ಐದು ಬೆಲೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದು ಇಟ್ಟುಕೊಳ್ಳುತ್ತೆ. ಹಕ್ಕಿ ಒಂದು ಜಾಗದಲ್ಲಿ ಒಂದೇ ಫ್ರೇಮಿನಲ್ಲಿ ಇರೋದು, ನಾಲ್ಕು ಓಟು ಅದರ ವಿರುದ್ಧ. ಗಿಂಪ್‌ಗೆ ಜಿಮಿಕ್ ಪ್ಲಗಿನ್ ಹಾಕಿದರೆ ಲೇಯರ್ಸ್ ಗುಂಪಿನಲ್ಲಿ ಬ್ಲೆಂಡ್ ಮೀಡಿಯನ್ ಸಿಗುತ್ತೆ. ಫೋಟೋಶಾಪಿನಲ್ಲಿ ಲೇಯರುಗಳನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಸ್ಟ್ಯಾಕ್ ಮೋಡ್ ಮೀಡಿಯನ್. ಮೋಡ ಜೋರಾಗಿ ಓಡುತ್ತಿದ್ದರೆ ಮೀಡಿಯನ್ ಬೇಡ, ಮೋಡ ಕಲಸಿಹೋಗುತ್ತೆ, ಹಕ್ಕಿಯನ್ನು ಕ್ಲೋನ್ ಮಾಡಿ ಅಳಿಸಿ.

ಎದುರಿನ ಜನರನ್ನೂ ಮೀಡಿಯನ್‌ನಿಂದ ಅಳಿಸಬಹುದು ಅಂತ ಹೇಳೋರಿದ್ದಾರೆ. ನಡೆದು ಹೋಗೋರು ಅಳಿಯುತ್ತಾರೆ, 20-30 ಸೆಕೆಂಡ್ ಬಿಟ್ಟು ಬಿಟ್ಟು 9ರಿಂದ 15 ಫ್ರೇಮ್ ತೆಗೆದರೆ. ಆದರೆ ಆ ಜಾಗದ ನೆಲ ಅರ್ಧಕ್ಕಿಂತ ಹೆಚ್ಚು ಫ್ರೇಮುಗಳಲ್ಲಿ ಖಾಲಿ ಕಾಣಲೇಬೇಕು. ದಸರಾದಲ್ಲಿ ಜನ ಕೂತೇ ಇರ್ತಾರೆ. ಅವರನ್ನು ಚಿತ್ರದಲ್ಲಿ ಇರೋಕೆ ಬಿಡಿ.

ಜೋಗದ_ಹಾದಿ

ಇದೇ ಲೆಕ್ಕ ಜೋಗಕ್ಕೂ ಬರುತ್ತಾ? ನೀರು ಹಾಲಿನ ಹಾಗೆ ನಯವಾಗಿ ಕಾಣಬೇಕು, ಬೆಳಕು ತಗ್ಗಿಸೋ ಎನ್‌ಡಿ ಫಿಲ್ಟರ್ ಇಲ್ಲ.

ನೆರಳು_ಬೆಳಕು

ಬರುತ್ತೆ, ಆದರೆ ಅಲ್ಲಿ ಬೇಕಾದ್ದು ಆ್ಯವರೇಜ್. ಮೋಡದ ಮಧ್ಯಾಹ್ನ ಐಎಸ್ಒ 100, ಎಫ್/16 ಇಟ್ಟರೆ 1/8 ಸೆಕೆಂಡ್ ಸಿಗುತ್ತೆ ಅಂದುಕೊಳ್ಳಿ. ಅಂಥ 32 ಫ್ರೇಮ್ ತೆಗೆದು ಸರಾಸರಿ ಮಾಡಿದರೆ 32 ಗುಣಿಸು 1/8, ಅಂದರೆ 4 ಸೆಕೆಂಡಿನ ನೀರು. ಎನ್‌ಡಿ32 ಫಿಲ್ಟರ್ ಹಾಕಿದರೆ ಬರುವುದೂ ಇದೇ 4 ಸೆಕೆಂಡ್. ಫ್ರೇಮುಗಳ ಸಂಖ್ಯೆಯೇ ಫಿಲ್ಟರ್ ಸಂಖ್ಯೆ, ನೆನಪಿಡೋಕೆ ಸುಲಭ. ಮೇಲಾಗಿ ನಾಯ್ಸ್ 32ರ ವರ್ಗಮೂಲದಷ್ಟು, ಅಂದರೆ ಐದೂವರೆ ಪಟ್ಟಿಗಿಂತ ಹೆಚ್ಚು ಇಳಿಯುತ್ತೆ. ಡಿಫ್ರ್ಯಾಕ್ಷನ್ ಬೇಡ ಅಂದರೆ ಎಫ್/8ರಲ್ಲಿ 1/30 ಇಟ್ಟು ಫ್ರೇಮ್ ಹೆಚ್ಚಿಸಿ.

ರಾದಲ್ಲಿ 32 ಒಂದೇ ಉಸಿರಿಗೆ ತೆಗೆಯಲಾಗಲ್ಲ, ಬಫರ್ ತುಂಬಿ ಕ್ಯಾಮೆರಾ ನಿಧಾನವಾಗುತ್ತೆ. ಧಬಧಬೆಗೆ ಅದರಿಂದ ತೊಂದರೆ ಇಲ್ಲ, ಹರಿಯುವ ನೀರಿಗೆ ನಡುವಿನ ಬಿಡುವು ಗೊತ್ತಾಗಲ್ಲ. ಜೋಗದ ಕಷ್ಟ ಬೇರೆ: 253 ಮೀಟರ್ ಬೀಳುವ ನೀರಿನ ತುಂತುರು ಮಳೆಗಾಲದಲ್ಲಿ ಲೆನ್ಸ್ ಮೇಲೆ ಬಂದು ಕೂರುತ್ತೆ. ಹನಿ ಎಲ್ಲಾ ಫ್ರೇಮಿನಲ್ಲೂ ಅದೇ ಜಾಗದಲ್ಲಿರೋದರಿಂದ ಯಾವ ಸರಾಸರಿಯೂ ಅದನ್ನು ಅಳಿಸಲ್ಲ. ಎಂಟು ಫ್ರೇಮಿಗೊಮ್ಮೆ ಒರೆಸಿ, ಲೆನ್ಸ್ ತಿರುಗದ ಹಾಗೆ. ಗಿಡಮರಗಳಿಗೆ ಸರಾಸರಿ ಚಿತ್ರ ಬಳಸಬೇಡಿ, ಒಂದೇ ಫ್ರೇಮನ್ನು ಮಾಸ್ಕ್ ಹಾಕಿ ತನ್ನಿ.

ಗಿಂಪ್_ಗೆಳತಿ

ಸರಾಸರಿಗೆ ಲೇಯರ್ ಒಪಾಸಿಟಿ ಕೆಳಗಿನಿಂದ 100, 50, 33, 25 ಹೀಗೆ, 100ನ್ನು ಲೇಯರ್ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕು. 32ನೆಯದಕ್ಕೆ 3.1 ಬರುತ್ತದೆ. ಕೈಯಲ್ಲಿ ಮಾಡುವುದು ಬೇಜಾರು, ಜಿಮಿಕ್‌ನ ಬ್ಲೆಂಡ್ ಆ್ಯವರೇಜ್ ಬಳಸಿ.

ಕತ್ತಲೆಕೋಣೆ

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸಲ್ಲ. ಟಿಫ್, ಜೆಪೆಗ್ ಒಳಗಿನ ಸಂಖ್ಯೆಗಳು ಬೆಳಕಿನ ಪ್ರಮಾಣ ಅಲ್ಲ, ಗ್ಯಾಮಾ ಹಾಕಿದ, ಅಂದರೆ ಕಣ್ಣಿಗೆ ಹೊಂದುವ ಹಾಗೆ ಬದಲಿಸಿದ ಸಂಖ್ಯೆಗಳು. ಅವನ್ನೇ ಕೂಡಿಸಿ ಭಾಗಿಸಿದರೆ ನಿಜವಾದ ದೀರ್ಘ ಎಕ್ಸ್‌ಪೋಶರಿಗಿಂತ ಮಿಂಚು ಕಡಿಮೆ, ನೀರಿನ ಬೆಳ್ಳಿ ಎಳೆಗಳು ಮಂಕು. ಬೆಳಕಿನಂತೆಯೇ ಕೂಡಬೇಕಾದರೆ ಲೀನಿಯರ್ ಲೆಕ್ಕ ಬೇಕು. ಗಿಂಪ್ 2.10ರಿಂದ ಈಚೆಗೆ ನಾರ್ಮಲ್ ಮೋಡಿನ ಬೆರಕೆ ಲೀನಿಯರ್‌ನಲ್ಲೇ ಆಗುತ್ತೆ. ಆದರೆ ಲೇಯರ್ ಮೋಡ್ ಪಟ್ಟಿಯನ್ನು ಲೆಗಸಿ ಗುಂಪಿಗೆ ತಿರುಗಿಸಿದ್ದರೆ ಹಳೇ ಲೆಕ್ಕ ಬರುತ್ತೆ, ಅದನ್ನು ನೋಡಿಕೊಳ್ಳಿ. ಫೋಟೋಶಾಪಿನಲ್ಲಿ ಕಲರ್ ಸೆಟ್ಟಿಂಗ್ಸ್ ಒಳಗೆ ಗ್ಯಾಮಾ 1.0 ಬಳಸಿ ಬೆರೆಸು ಅನ್ನೋ ಆಯ್ಕೆ ಇದೆ.

ಲೈಟನ್, ಡಾರ್ಕನ್, ಮೀಡಿಯನ್ ಇವಕ್ಕೆ ಈ ತಲೆನೋವಿಲ್ಲ. ಅವು ದೊಡ್ಡದು ಚಿಕ್ಕದು ಹೋಲಿಸುತ್ತವೆ ಅಷ್ಟೇ, ಗ್ಯಾಮಾ ಆ ಕ್ರಮ ಬದಲಿಸಲ್ಲ.

ಮಲಪ್ರಭಾ_ದಂಡಿ

ನಕ್ಷತ್ರದ ಗೆರಿ ತಗಿಯೋರಿಗೂ ಇದ ಲೆಕ್ಕ ನೋಡ್ರಿ, ಲೈಟನ್ ಮೋಡ್. ಭೂಮಿ ತಾಸಿಗೆ 15 ಡಿಗ್ರಿ ತಿರುಗ್ತದ. 30 ಸೆಕೆಂಡಿನ 120 ಫ್ರೇಮ್ ಅಂದ್ರ ಒಂದು ತಾಸು, 15 ಡಿಗ್ರಿ ಕಮಾನು. ಗೆರಿ ಉದ್ದ ಬೇಕಂದ್ರ ಎರಡು ತಾಸರ ಬೇಕು. 18 ಎಂಎಂ, ಎಫ್/3.5, ಐಎಸ್ಒ 800ರಿಂದ 1600. 1500ಡಿ ಒಳಗ ಇಂಟರ್ವಲ್ ಟೈಮರ್ ಇಲ್ಲ, ಅದಕ್ಕ ಒಂದು ವೈರ್ ರಿಮೋಟ್ ತಗೊಂಡು ಕಂಟಿನ್ಯುಯಸ್ ಮೋಡ್ ಹಾಕಿ ಗುಂಡಿ ಒತ್ತಿ ಲಾಕ್ ಮಾಡ್ರಿ, ತಾನ ಒಂದರ ಹಿಂದ ಒಂದು ತಗೀತದ. ನಾಯ್ಸ್ ರಿಡಕ್ಷನ್ ಆನ್ ಇಟ್ರಂದ್ರ ಗೆರಿ ಬದಲಿ ಚುಕ್ಕಿ ಚುಕ್ಕಿ ಬರ್ತದ, ನಡುವ 30 ಸೆಕೆಂಡ್ ಖಾಲಿ ಹೋಗ್ತದಲ್ರಿ.

ಕಂಪ್ಯೂಟರಿನ್ಯಾಗ ಸ್ಟಾರ್‌ಸ್ಟ್ಯಾಕ್ಸ್ ಪುಕ್ಕಟ ಸಿಗ್ತದ, ಸಣ್ಣ ಬಿರುಕು ಇದ್ರ ತುಂಬ್ತದ. ಒಂದ ತ್ರಾಸು ಅಂದ್ರ, ನೂರಿಪ್ಪತ್ತು ಫ್ರೇಮಿನ್ಯಾಗ ಎಲ್ಲಕ್ಕಿಂತ ದೊಡ್ಡ ಬೆಲಿ ಆರಿಸೂದಂದ್ರ ನಾಯ್ಸಿನ ದೊಡ್ಡ ಬೆಲಿನೂ ಆರಿಸಿಕೊಂಡಂಗ. ಆಕಾಶ, ನೆಲ ಎರಡೂ ಬೆಳ್ಳಗ ಏಳ್ತಾವ. ನೆಲದ ಭಾಗಕ್ಕ ಅವೇ ಫ್ರೇಮುಗಳ ಆ್ಯವರೇಜ್ ಮಾಡಿ ಮಾಸ್ಕ್ ಹಾಕ್ರಿ, ಕಲ್ಲು ಗುಡ್ಡ ಸ್ವಚ್ಛ ಬರ್ತಾವ.

ನಮ್ಮ ಕಡೆ ಧ್ರುವ ನಕ್ಷತ್ರ ಭಾಳ ಕೆಳಗ ಇರ್ತದ. ಊರಿನ ಅಕ್ಷಾಂಶ ಎಷ್ಟೋ ಅಷ್ಟ ಎತ್ತರ: ಧಾರವಾಡಕ್ಕ ಹದಿನೈದೂವರಿ, ಮೈಸೂರಿಗೆ ಹನ್ನೆರಡ ಚಿಲ್ಲರ ಡಿಗ್ರಿ. ಉತ್ತರಕ್ಕ ಗುಡ್ಡ ಇದ್ರ ಸುತ್ತಿನ ನಡುಬಿಂದು ಕಾಣೂದ ಇಲ್ಲ. ಕ್ಯಾಮೆರಾ ಅಡ್ಡ ಹಿಡಿದು 18ರಾಗ ಎತ್ತರಕ್ಕ 45 ಡಿಗ್ರಿ ಸಿಗ್ತದ, ದಿಗಂತ ಕೆಳ ಅಂಚಿನ ಹತ್ರ ಇಡ್ರಿ.

ಚಂಡೆ_ಮದ್ದಳೆ

ಯಕ್ಷಗಾನ ವೇಷದ ನೆರಳಿನೊಳಗೆ ಅಡಿಕೆ ತೋಟ ತುಂಬಿದ ಹಾಗೆ ಡಬಲ್ ಎಕ್ಸ್‌ಪೋಶರ್ ಮಾಡಬೇಕು. ಕ್ಯಾಮೆರಾದಲ್ಲೇ ಆಗುತ್ತದೆಯೇ?

ಕತ್ತಲೆಕೋಣೆ

ಮಲ್ಟಿಪಲ್ ಎಕ್ಸ್‌ಪೋಶರ್ ಇರುವ ಕ್ಯಾಮೆರಾದಲ್ಲಿ ಆಗುತ್ತೆ. 1500ಡಿಯಲ್ಲಿ ಆ ಆಯ್ಕೆ ಇಲ್ಲ, ಗಿಂಪ್‌ನಲ್ಲಿ ಮಾಡಿ. ತತ್ವ ಒಂದೇ: ಕೂಡಿಸುವಾಗ ಮೊದಲ ಚಿತ್ರದ ಬಿಳಿ ಬಿಳಿಯಾಗಿಯೇ ಉಳಿಯುತ್ತೆ, ಎರಡನೇ ಚಿತ್ರ ಕಾಣೋದು ಮೊದಲನೆಯದರ ಕಪ್ಪಿನಲ್ಲಿ ಮಾತ್ರ. ಹಾಗಾಗಿ ವೇಷಧಾರಿಯ ಹಿಂದೆ ಬೆಳ್ಳನೆ ಆಕಾಶ ಇರಲಿ. ಆಕಾಶಕ್ಕೆ ಸ್ಪಾಟ್ ಅಥವಾ ಪಾರ್ಶಿಯಲ್ ಮೀಟರ್ (ಚಿತ್ರದ ಸಣ್ಣ ಭಾಗದ ಬೆಳಕಷ್ಟೇ ಅಳೆಯೋದು) ಹಿಡಿದು ಎರಡು ಸ್ಟಾಪ್ ಹೆಚ್ಚು ಕೊಡಿ. ಆಕಾಶ ಬಿಳಿಯಾಗುತ್ತೆ, ವೇಷ ಕಪ್ಪಾಗಿಯೇ ಇರುತ್ತೆ. ಮೂರು ಸ್ಟಾಪ್ ಕೊಟ್ಟರೆ ಬೆಳಕು ಅಂಚಿನೊಳಗೆ ನುಗ್ಗಿ ಕಿರೀಟದ ಸಣ್ಣ ಕೆತ್ತನೆಗಳನ್ನು ತಿಂದುಹಾಕುತ್ತೆ.

ಆಕಾರ ಆರಿಸೋದರಲ್ಲಿ ಅರ್ಧ ಕೆಲಸ ಇದೆ. ತಲೆಗೆ ಕಟ್ಟುವ ಕೇದಗೆ ಮುಂದಲೆ ಎದುರಿನಿಂದಲೂ ಗುರುತು ಸಿಗುತ್ತೆ. ಆದರೆ ಮುಖಕ್ಕೆ ಪಕ್ಕದ ನೋಟವೇ ಬೇಕು, ಎದುರಿನಿಂದ ಮೂಗು ಗಲ್ಲ ಎಲ್ಲ ಒಂದೇ ಕಪ್ಪಾಗುತ್ತೆ. ಎರಡನೇ ಚಿತ್ರದಲ್ಲಿ ಆಕಾಶ ಕಡಿಮೆ, ಮರದ ಕಾಂಡಗಳು ಒತ್ತೊತ್ತಾಗಿ ಇರಲಿ. ತೋಟದ ಚಿತ್ರದಲ್ಲಿ ಬಿಳಿ ಆಕಾಶದ ತುಂಡು ವೇಷದ ಅಂಚಿಗೆ ಬಂದರೆ ಅಲ್ಲಿ ಅಂಚೇ ಮಾಯ. ಗಿಂಪ್‌ನಲ್ಲಿ ಕೆಳಗೆ ತೋಟ, ಮೇಲೆ ವೇಷ, ಮೇಲಿನದಕ್ಕೆ ಸ್ಕ್ರೀನ್.

ಫಿಲ್ಮ್ ಬಳಸೋರಿಗೆ: ಎರಡೂ ಸಾಮಾನ್ಯ ಚಿತ್ರಗಳಾದರೆ ಒಂದೊಂದಕ್ಕೆ ಒಂದು ಸ್ಟಾಪ್ ಕಡಿಮೆ, ನಾಲ್ಕಾದರೆ ಎರಡು, ಎಂಟಾದರೆ ಮೂರು. ಈ ನೆರಳಿನ ಪದ್ಧತಿಗೆ ಮಾತ್ರ ಕಡಿಮೆ ಮಾಡೋದು ಬೇಡ, ಕಪ್ಪಿನಲ್ಲಿ ಮೊದಲು ಬೆಳಕೇ ಬಿದ್ದಿಲ್ಲವಲ್ಲ. ಕ್ಯಾಮೆರಾದ ಆ್ಯವರೇಜ್ ಮೋಡ್ ಈ ಕಡಿತ ತಾನೇ ಮಾಡುತ್ತೆ, ಆ್ಯಡಿಟಿವ್ ಮಾಡಲ್ಲ.

ಕೆರೆ_ದಂಡೆ

ಇದೆಲ್ಲ ಮೋಸ ಅಲ್ವಾ? ಫೋಟೋ ಅಂದಮೇಲೆ ಒಂದು ಕ್ಲಿಕ್.

ನೆರಳು_ಬೆಳಕು

ಒಂದೇ ಕ್ಲಿಕ್ಕಿನ ಕಟ್ಟಳೆ ಮೊದಲಿಂದಲೂ ಇರಲಿಲ್ಲ ಸರ್. ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ಮಾಡಿದ್ದ. ಆಗಿನ ಕೊಲೋಡಿಯನ್ ಪ್ಲೇಟ್ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿತ್ತು, ಸಮುದ್ರ ಸರಿಯಾಗಿ ಬರುವಷ್ಟು ಹೊತ್ತು ಬಿಟ್ಟರೆ ಆಕಾಶ ಸುಟ್ಟುಹೋಗುತ್ತಿತ್ತು. ನಮ್ಮ ಅರಮನೆ ಸಮಸ್ಯೆಯ ಹತ್ತಿರದ ನೆಂಟ. ಆಸ್ಕರ್ ರೈಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಒಂದು ಚಿತ್ರ ಮಾಡಿದ.

ಎಲ್ಲಿ ತೋರಿಸುತ್ತೀರಿ ಅನ್ನೋದರ ಮೇಲೆ ನಿಯಮ. ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸೋದಾದರೆ ಹುಷಾರು: ಛಾಯಾಗ್ರಹಣ ಸಂಸ್ಥೆಗಳಾದ ಪಿಎಸ್‌ಎ, ಎಫ್‌ಐಎಪಿ ನಿಯಮದಲ್ಲಿ ಕ್ರಾಪ್ ಬಿಟ್ಟು ಚಿತ್ರದೊಳಗಿನ ಯಾವುದನ್ನೂ ಸೇರಿಸುವ, ತೆಗೆಯುವ, ಜಾಗ ಬದಲಿಸುವ ಹಾಗಿಲ್ಲ. ಸುದ್ದಿ ಚಿತ್ರಕ್ಕೂ ಬೇಡ. ಮಿಕ್ಕ ಕಡೆ ಅಡಿಬರಹದಲ್ಲಿ ಎರಡು ಹೊತ್ತಿನ ಫ್ರೇಮ್ ಅಂತ ಬರೆದರೆ ಯಾರಿಗೂ ಮೋಸ ಇಲ್ಲ.

ನನಗೆ ಸಿಟ್ಟು ಬರೋದು ಗೋಪುರದ ಹಿಂದೆ ಬುಟ್ಟಿಯಷ್ಟು ದೊಡ್ಡ ಚಂದ್ರನನ್ನು ಅಂಟಿಸೋರನ್ನು ಕಂಡರೆ. ಲೆಕ್ಕ ಸುಲಭ: ಲೆನ್ಸಿನ ಎಂಎಂ ಅನ್ನು 110ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಚಂದ್ರನ ಅಗಲ. 18 ಎಂಎಂಗೆ 0.16 ಮಿಲಿಮೀಟರ್. ಸೆನ್ಸರ್ ಎತ್ತರವೇ ಸುಮಾರು 15 ಮಿಲಿಮೀಟರ್. ಅಂದರೆ ಚಂದ್ರ ಚಿತ್ರದ ಎತ್ತರದ ಸುಮಾರು ತೊಂಬತ್ತನೇ ಒಂದು ಪಾಲು. ಜೊತೆಗೆ ಎದುರು ನೋಡುವುದು ಪಶ್ಚಿಮ ಅಂದಮೇಲೆ ಸಂಜೆ 7ಕ್ಕೆ ಹುಣ್ಣಿಮೆ ಚಂದ್ರ ಅಲ್ಲಿ ಇರೋಕೆ ಸಾಧ್ಯವೇ ಇಲ್ಲ, ಅವನು ಆಗ ಮೂಡುತ್ತಿರೋದು ನಿಮ್ಮ ಬೆನ್ನ ಹಿಂದೆ.

ಜೋಗದ_ಹಾದಿ

ಫೋನಲ್ಲಿ ಮಾಡೋರಿಗೆ ಏನಾದರೂ?

ಗಿಂಪ್_ಗೆಳತಿ

ಸ್ನ್ಯಾಪ್‌ಸೀಡ್ ಆ್ಯಪಿನ ಡಬಲ್ ಎಕ್ಸ್‌ಪೋಶರ್‌ನಲ್ಲಿ ಲೈಟನ್, ಡಾರ್ಕನ್, ಆ್ಯಡ್ ಎಲ್ಲ ಇವೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಪ್ರೋ ಮೋಡಿನಲ್ಲಿ ಐಎಸ್ಒ, ಶಟರ್, ವೈಟ್ ಬ್ಯಾಲೆನ್ಸ್, ಫೋಕಸ್ ನಾಲ್ಕನ್ನೂ ಕಟ್ಟಿಹಾಕಿ. ನೈಟ್ ಮೋಡ್, ಎಚ್‌ಡಿಆರ್ ಎರಡೂ ಬೇಡ, ಅವು ಪ್ರತಿ ಸಲ ತಮ್ಮದೇ ತೀರ್ಮಾನ ಮಾಡುತ್ತವೆ. ತಾನಾಗಿ ಹೊಂದಿಸುವ ಸೌಲಭ್ಯ ಅದರಲ್ಲಿಲ್ಲ, ಸ್ಟ್ಯಾಂಡ್ ಅಲುಗಿದರೆ ಕೈಯಲ್ಲಿ ಸರಿಸಬೇಕು.

ಹೊಸ_ಕ್ಲಿಕ್ಕು

ಮೇ ಭಾನುವಾರದ ಸಲಹೆ ಒಳ್ಳೇದು, ಆದರೂ ದಸರಾ ಬಿಡೋಕೆ ಮನಸ್ಸಿಲ್ಲ. 6:15ರಿಂದ 7:15ರವರೆಗೆ ಲೈವ್ ವ್ಯೂ ಆನ್ ಇದ್ದರೆ ಬ್ಯಾಟರಿ ಬರುತ್ತಾ? ಮಧ್ಯೆ ಬದಲಾಯಿಸಬಹುದಾ?

ಮೂರ್ಕಾಲು

ಬದಲಾಯಿಸೋಕೆ ಆಗಲ್ಲ. 1500ಡಿಯಲ್ಲಿ ಬ್ಯಾಟರಿ ಬಾಗಿಲು ಕ್ಯಾಮೆರಾದ ಅಡಿಯಲ್ಲಿದೆ, ಮೆಮೊರಿ ಕಾರ್ಡ್ ಕೂಡ ಅದೇ ಬಾಗಿಲೊಳಗೆ. ಟ್ರೈಪಾಡ್ ಪ್ಲೇಟ್ ಅದಕ್ಕೆ ಅಡ್ಡ ಬರುತ್ತೆ, ಬಿಚ್ಚಿದಿರೋ ಎರಡೂ ಫ್ರೇಮಿನ ಹೊಂದಾಣಿಕೆ ಹೋಯ್ತು. ಆದ್ದರಿಂದ ಪ್ಲೇಟ್ ಹಾಕುವ ಮೊದಲೇ ಪೂರ್ತಿ ಚಾರ್ಜ್ ಆದ ಬ್ಯಾಟರಿ, ಖಾಲಿ ಕಾರ್ಡ್. ಫೋಕಸ್ ಆದ ಕೂಡಲೇ ಲೈವ್ ವ್ಯೂ ಆಫ್ ಮಾಡಿ, ಕಣ್ಣಿಂದ ವ್ಯೂಫೈಂಡರ್‌ನಲ್ಲಿ ನೋಡಿ ಸಾಕು. ಇಮೇಜ್ ರಿವ್ಯೂ 2 ಸೆಕೆಂಡಿಗೆ ಇಳಿಸಿ. ಗುಂಡಿ ಒತ್ತಲು ವೈರ್ ರಿಮೋಟ್ ಅಥವಾ ಟೈಮರ್, ಬೆರಳು ಬೇಡ. ಆಮೇಲೂ ಒಂದೆರಡು ಪಿಕ್ಸೆಲ್ ಸರಿದಿದ್ದರೆ ಹ್ಯೂಗಿನ್‌ನ ಅಲೈನ್ ಸೌಲಭ್ಯಕ್ಕೆ ಕೊಡಿ, ಅಂಚಿನಲ್ಲಿ ಸ್ವಲ್ಪ ಕತ್ತರಿಸಿ ಹೋಗುತ್ತೆ. ಅದಕ್ಕಾಗಿ ಫ್ರೇಮ್ ಕಟ್ಟುವಾಗಲೇ ನಾಲ್ಕೂ ಕಡೆ ಬೆರಳಗಲ ಜಾಗ ಹೆಚ್ಚಿಗೆ ಬಿಟ್ಟಿರಿ.